ಇನ್ನೊಂದು ಕಾಳಿ ನದಿ: ಮಂಗಳೂರಿನಿಂದ ಧಾರ್ಚುಲಾಕ್ಕೆ ಹೋಗುವವರಿಗೆ

ಕಾಳಿ ನದಿ ನೋಡಲು ಹೊರಟಿದ್ದೇವೆ ಅಂದಾಗ ಬಿಜೈಯ ಅತ್ತೆ ಕೇಳಿದರು, "ಕಾರವಾರಕ್ಕೆ ಹೋಗ್ಲಿಕ್ಕೆ ಇಷ್ಟು ಸ್ವೆಟರ್ ಯಾಕೆ ಮಾರಾಯ್ತಿ?" ನಮ್ಮ ಕಡೆಯವರಿಗೆ ಕಾಳಿ ಅಂದರೆ ಕಾರವಾರದ್ದೇ. ನಾವು ಹೊರಟದ್ದು ಉತ್ತರಾಖಂಡದ ಕಾಳಿಗೆ. ಭಾರತಕ್ಕೂ ನೇಪಾಳಕ್ಕೂ ನಡುವೆ ಗಡಿಯಾಗಿ ಹರಿಯುವ ನದಿ ಅದು. ನೇಪಾಳದವರು ಮಹಾಕಾಳಿ ಅನ್ನುತ್ತಾರೆ. ಬಯಲಿಗೆ ಇಳಿದ ಮೇಲೆ ಶಾರದಾ ಎಂಬ ಹೆಸರು.

ನಾನು, ನನ್ನ ಗಂಡ ಮತ್ತು ಬಾವ, ಮೂವರು ನವೆಂಬರ್ ಮೊದಲ ವಾರ ಹೋದೆವು. ಮಳೆಗಾಲದಲ್ಲಿ ದಯವಿಟ್ಟು ಹೋಗಬೇಡಿ. ಗುಡ್ಡ ಜರಿದು ರಸ್ತೆ ದಿನಗಟ್ಟಲೆ ಮುಚ್ಚುತ್ತದೆ. ಮಂಗಳೂರು ಜಂಕ್ಷನ್‌ನಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ನಿಜಾಮುದ್ದೀನ್. ಅಲ್ಲಿಂದ ಹಳೇ ದಿಲ್ಲಿ ಸ್ಟೇಷನ್‌ಗೆ ಹೋಗಿ ಪೂರ್ಣಾಗಿರಿ ಜನಶತಾಬ್ದಿ ಹಿಡಿದರೆ ಬೆಳಿಗ್ಗೆ ಹೊರಟು ಸಂಜೆಗೆ ಟನಕಪುರ. ದಿಲ್ಲಿಯಲ್ಲಿ ಒಂದು ರಾತ್ರಿ ಉಳಿಯಿರಿ. ಅದೇ ದಿನ ರೈಲು ಬದಲಾಯಿಸುವ ಲೆಕ್ಕ ಇಟ್ಟುಕೊಂಡರೆ ಸುಮ್ನೆ ಗಡಿಬಿಡಿ.

ಟನಕಪುರದಿಂದ ಕಾಳಿ ದಡದ ಗಡಿ ಊರು ಧಾರ್ಚುಲಾ ಸುಮಾರು 240 ಕಿ.ಮೀ. ದೂರ ಜಾಸ್ತಿ ಅನ್ನಿಸುವುದಿಲ್ಲ ಅಲ್ವಾ? ಆದರೆ ಹೆಚ್ಚುಕಡಿಮೆ ಪೂರ್ತಿ ಘಾಟಿಯೇ. ಚಾರ್ಮಾಡಿ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಇದು ಎರಡು ದಿನ ಮುಗಿಯುವುದಿಲ್ಲ. ಪಿಥೌರಾಗಢದಲ್ಲಿ ಒಂದು ರಾತ್ರಿ ತಂಗಲೇಬೇಕು. ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ಬಾವನಿಗೆ ಚಂಪಾವತ್ ತಲುಪುವ ಮೊದಲೇ ಎರಡು ಸಲ ಜೀಪು ನಿಲ್ಲಿಸಬೇಕಾಯಿತು.

ನದಿ ಮೊದಲು ಹತ್ತಿರದಿಂದ ಸಿಗುವುದು ಜೌಲ್‌ಜೀಬಿಯಲ್ಲಿ. ಮಿಲಾಮ್ ಹಿಮನದಿಯಿಂದ ಬರುವ ಗೋರಿ ಇಲ್ಲಿ ಕಾಳಿಯನ್ನು ಸೇರುತ್ತದೆ. ಗೋರಿ ಅಂದರೆ ಬಿಳಿ, ಕಾಳಿ ಅಂದರೆ ಕಪ್ಪು. ನಾವು ನೋಡಿದ ದಿನ ಗೋರಿ ಅಕ್ಕಿ ತೊಳೆದ ನೀರಿನ ಹಾಗಿತ್ತು, ಕಾಳಿ ಕಡು ಹಸಿರು. ಸ್ವಲ್ಪ ದೂರ ಎರಡೂ ಬೇರೆ ಬೇರೆಯಾಗಿಯೇ ಹರಿದು ಆಮೇಲೆ ಕಲೆಯುತ್ತವೆ. ನವೆಂಬರ್ ಮಧ್ಯದಲ್ಲಿ ಇಲ್ಲಿ ದೊಡ್ಡ ಜಾತ್ರೆ ಶುರುವಾಗುತ್ತದೆ. ಒಂದು ಕಾಲಕ್ಕೆ ಟಿಬೆಟ್, ನೇಪಾಳ, ಕುಮಾವು (ಉತ್ತರಾಖಂಡದ ಈ ಭಾಗ) ಮೂರೂ ಕಡೆಯ ವ್ಯಾಪಾರಿಗಳು ಸೇರುತ್ತಿದ್ದ ಜಾತ್ರೆ. 1962ರ ಯುದ್ಧದ ನಂತರ ಟಿಬೆಟ್ ವ್ಯಾಪಾರ ನಿಂತಿತು, ಜಾತ್ರೆ ಉಳಿಯಿತು. ನಮಗೆ ಕೆಲವೇ ದಿನದಲ್ಲಿ ತಪ್ಪಿಹೋಯಿತು. ನೀವು ದಿನ ನೋಡಿಕೊಂಡು ಹೊರಡಿ. ಇಲ್ಲಿಂದ ಮುಂದಕ್ಕೆ ಜೀಪಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. ಧಾರ್ಚುಲಾದವರೆಗೂ ನದಿ ಆ ಬದಿಯಲ್ಲೇ, ಅದರಾಚೆ ನೇಪಾಳ.

ಈ ನದಿ ಗಡಿಯಾದ ಕತೆ ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. 1790ರಿಂದ ಕುಮಾವು ನೇಪಾಳದ ಗೂರ್ಖರ ಕೈಯಲ್ಲಿತ್ತು. ಆಗ ಇದು ಅವರ ರಾಜ್ಯದ ಒಳಗಿನ ಒಂದು ನದಿ, ಅಷ್ಟೆ. 1814ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಯುದ್ಧವಾಯಿತು. 1816ರಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದದಲ್ಲಿ, ಕಾಳಿ ನದಿಯ ಪಶ್ಚಿಮದ ನೆಲದ ಮೇಲಿನ ಹಕ್ಕನ್ನು ನೇಪಾಳ ಬಿಟ್ಟುಕೊಟ್ಟಿತು. 1784ರಲ್ಲಿ ನಮ್ಮ ಮಂಗಳೂರಿನಲ್ಲಿ ಟಿಪ್ಪುವಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದೂ ಇದೇ ಕಂಪನಿ.

ತೊಡಕು ಇರುವುದು ಆ ಒಂದು ಹೆಸರಿನಲ್ಲಿ. ಮೇಲೆ ಗುಂಜಿಯಲ್ಲಿ ಎರಡು ಹೊಳೆಗಳು ಸೇರುತ್ತವೆ. ಅದರಲ್ಲಿ ಯಾವುದು ಕಾಳಿ? ಕಾಲಾಪಾನಿಯ ಕಡೆಯಿಂದ ಬರುವುದು ಅನ್ನುತ್ತದೆ ಭಾರತ. ಲಿಂಪಿಯಾಧುರಾದಿಂದ ಬರುವ ಕುಟಿ ಯಾಂಕ್ತಿಯೇ ಅನ್ನುತ್ತದೆ ನೇಪಾಳ. 2020ರಲ್ಲಿ ನೇಪಾಳ ಆ ಜಾಗವನ್ನು ತನ್ನ ನಕ್ಷೆಯಲ್ಲಿ ತೋರಿಸಿದಾಗ ಗಲಾಟೆ ಎದ್ದದ್ದು ಇದಕ್ಕೇ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದನ್ನು ಈಗಲೂ ಮಾತಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಧಾರ್ಚುಲಾದಲ್ಲಿ ಎರಡು ದಿನವಾದರೂ ಇರಿ. ಈಚೆ ಧಾರ್ಚುಲಾ, ಆಚೆ ನೇಪಾಳದ ದಾರ್ಚುಲಾ, ನಡುವೆ ಒಂದು ತೂಗುಸೇತುವೆ. ನಡೆದುಕೊಂಡೇ ದಾಟಬೇಕು, ವೀಸಾ ಬೇಡ. ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಕೈಯಲ್ಲಿರಲಿ, ನೂರರ ನೋಟುಗಳಿರಲಿ. ಸೇತುವೆ ಯಾವಾಗ ಮುಚ್ಚುತ್ತಾರೆ ಎಂದು ಅದೇ ದಿನ ಕೇಳಿಕೊಂಡು ದಾಟಿ. ನಮ್ಮ ಮುಂದೆ ಒಬ್ಬರು ಅಜ್ಜಿ ಸಾಸಿವೆ ಸೊಪ್ಪಿನ ಕಟ್ಟು ಹಿಡಿದು ಹೋಗುತ್ತಿದ್ದರು. ಕಾವಲಿನವನು ಚೀಲ ಬಿಚ್ಚಿ ನೋಡಿ, ತಾನೇ ಮತ್ತೆ ಗಂಟು ಹಾಕಿ ಕೊಟ್ಟ. ಸೇತುವೆಯ ನಡುವೆ ನಿಂತರೆ ಕಾಲಡಿ ಸಣ್ಣಗೆ ಅಲುಗುತ್ತದೆ. ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ.

ಆಚೆ ದಡದ ಚಹಾದಂಗಡಿಯ ಗಡಿಯಾರ ಹದಿನೈದು ನಿಮಿಷ ಮುಂದಿತ್ತು. ನೇಪಾಳದ ಸಮಯವೇ ಹಾಗೆ. ಈಚೆ ದಡದಲ್ಲಿದ್ದರೂ ಫೋನು ಆ ಕಡೆಯ ಟವರ್ ಹಿಡಿದು ತಾನಾಗಿ ಸಮಯ ಬದಲಾಯಿಸುತ್ತದೆ. ಮೊದಲ ಬೆಳಿಗ್ಗೆ ನಮ್ಮ ಅಲಾರಂ ಕಾಲು ಗಂಟೆ ಮೊದಲೇ ಹೊಡೆಯಿತು. ಸಮಯವನ್ನು ಕೈಯಲ್ಲೇ ಸೆಟ್ ಮಾಡಿ, ರೋಮಿಂಗ್ ಆಫ್ ಮಾಡಿ.

ಅಂಗಡಿಯಾಕೆ ಹಿಂದಿಯಲ್ಲಿ ಮಾತಾಡಿದರು. ಮಗಳನ್ನು ಭಾರತದ ಕಡೆಗೆ ಕೊಟ್ಟಿದ್ದಾರೆ. "ಅದೋ, ಆ ನೀಲಿ ತಗಡಿನ ಮನೆ" ಎಂದು ಬೆರಳು ತೋರಿಸಿದರು. 2020ರಲ್ಲಿ ಕೊರೊನಾಕ್ಕೆ ಸೇತುವೆ ಮುಚ್ಚಿದಾಗ ಆ ಮನೆ ಕಣ್ಣಿಗೆ ಕಾಣುತ್ತಿತ್ತು, ಹೋಗಲಿಕ್ಕಾಗಲಿಲ್ಲ. ಅದೇ ವರ್ಷ ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನನ್ನ ಚಿಕ್ಕಮ್ಮ ಮಂಜೇಶ್ವರದಲ್ಲಿ ಸಿಕ್ಕಿಬಿದ್ದಿದ್ದರು. ನಾನು ಅದನ್ನು ಹೇಳಿದೆ. ಅವರು ಎರಡನೇ ಲೋಟ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ರೂಮು ತೆಗೆದುಕೊಳ್ಳುವಾಗ ನೀರಿಗೆ ತೀರ ಹತ್ತಿರ ಬೇಡ, ಸ್ವಲ್ಪ ಮೇಲಿನದನ್ನೇ ಕೇಳಿ. 2013ರ ಜೂನ್‌ನಲ್ಲಿ, ಕೇದಾರನಾಥದ ದುರಂತವಾದ ಅದೇ ದಿನಗಳಲ್ಲಿ, ಈ ನದಿ ಆಚೆ ದಡದ ಸಾಲು ಮನೆಗಳನ್ನು ಕೊಚ್ಚಿಕೊಂಡು ಹೋಗಿತ್ತು.

ಗುಂಜಿ, ಆದಿ ಕೈಲಾಸದ ಕಡೆಗೆ ಹೋಗುವುದಾದರೆ ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶಕ್ಕೆ ಹೋಗಲು ಸರಕಾರದ ಅನುಮತಿ ಪತ್ರ) ಬೇಕು, ಆರೋಗ್ಯದ ಸರ್ಟಿಫಿಕೇಟ್ ಕೂಡ. ನಾವು ಶುಕ್ರವಾರ ಸಂಜೆ ತಲುಪಿದೆವು. ಮರುದಿನ, ಅದರ ಮರುದಿನ ಎರಡೂ ಪರ್ಮಿಟ್ ಕೊಡುವ ಕಚೇರಿಗೆ ರಜೆ. ಹಾಗಾಗಿ ಗುಂಜಿಯ ಆಸೆ ಬಿಡಬೇಕಾಯಿತು. ನೀವು ಸೋಮವಾರ, ಮಂಗಳವಾರ ತಲುಪುವ ಹಾಗೆ ಟಿಕೆಟ್ ಮಾಡಿ.

ವಾಪಸು ಬರುವಾಗ ಟನಕಪುರದ ಹತ್ತಿರದ ಬನಬಸಾಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. 1928ರಲ್ಲಿ ಮುಗಿದ ಶಾರದಾ ಬ್ಯಾರೇಜ್ ಅಲ್ಲಿದೆ. ಅದನ್ನು ಕಟ್ಟಲು ನೇಪಾಳ ಸುಮಾರು 4000 ಎಕರೆ ನೆಲ ಕೊಟ್ಟು, ಬದಲಿಗೆ ಬೇರೆ ಕಡೆ ಅಷ್ಟೇ ನೆಲ ಪಡೆಯಿತು. ಮೇಲೆ ಅಷ್ಟು ಅಬ್ಬರಿಸುತ್ತಿದ್ದ ನೀರು ಇಲ್ಲಿ ಉಳ್ಳಾಲದ ಸೇತುವೆಯ ಕೆಳಗಿನ ನೇತ್ರಾವತಿಯ ಹಾಗೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತದೆ. ಸಂಜೆ ಹೊತ್ತಿಗೆ ಹೋಗಿ, ಬಿಸಿಲು ಕಡಿಮೆ ಇರುತ್ತದೆ.