ಮ್ಯೂನಿಕ್‌ನಲ್ಲಿ ಓದುತ್ತಾ ಗುಂಪಾಗಿ ಸುತ್ತಾಡುವವರಿಗೆ: ಟಿಕೆಟ್, ಕಾಗದಪತ್ರ, ಊಟ

ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆಂದು ಜರ್ಮನಿಗೆ ಹೋದವರು ವಾರಾಂತ್ಯ ಬಂತೆಂದರೆ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಮ್ಯೂನಿಕ್ ಇದಕ್ಕೆ ಹೇಳಿ ಮಾಡಿಸಿದ ಊರು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಯೊಳಗೆ ಹೋಗಬಹುದು. ಪ್ರಾಗ್‌ಗೆ ಬಸ್ಸಿನಲ್ಲಿ ಸುಮಾರು ಐದು ಗಂಟೆ, ಪ್ಯಾರಿಸ್‌ಗೆ ನೇರ ವೇಗದ ರೈಲಿನಲ್ಲಿ ಆರು ಗಂಟೆಯ ಆಸುಪಾಸು. ಇಂಥ ಪ್ರವಾಸ ಕೆಡುವುದು ನೋಡುವ ಜಾಗಗಳಿಂದಲ್ಲ, ಟಿಕೆಟ್‌ನ ನಿಯಮ, ಮನೆಯಲ್ಲೇ ಮರೆತ ಪಾಸ್‌ಪೋರ್ಟ್ ಮತ್ತು ಗುಂಪಿನ ಗಾತ್ರದಿಂದ.

ಗಾತ್ರದ ಮಾತು ಮೊದಲು. ಒಂದು ಗುಂಪಿನಲ್ಲಿ ಐದು ಜನರಿಗಿಂತ ಹೆಚ್ಚು ಬೇಡ. ಹನ್ನೆರಡು ಜನ ಹೊರಟರೆ ಮೂರು ಗುಂಪಾಗಿ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥರನ್ನು ನೇಮಿಸಿ ಹೋಗಿ. ರೈಲು ಬದಲಿಸಲು ಸಿಗುವುದು ಕೆಲವೊಮ್ಮೆ ಆರೇಳು ನಿಮಿಷ. ಅಷ್ಟರಲ್ಲಿ ಹನ್ನೆರಡು ಜನ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಓಡುವುದು ಆಗದ ಮಾತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದೊಳಗಿನ ಗುಂಪು ಟಿಕೆಟ್ ಆದ ಬಾಯರ್ನ್ ಟಿಕೆಟ್‌ಗೂ ಐದೇ ಜನರ ಮಿತಿ.

ನಾಲ್ಕೈದು ತಿಂಗಳು ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಲಾಭ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು 2025ರಲ್ಲಿ 58 ಆಗಿ, 2026ರ ಜನವರಿಯಿಂದ 63 ಯೂರೋ ಆಗಿದೆ. ಕೆಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗದ ಸೆಮಿಸ್ಟರ್ ರೂಪ ಸಿಗುತ್ತದೆ, ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಮೊದಲೇ ಕೇಳಿ. ಇದರಲ್ಲಿ ದೇಶದಾದ್ಯಂತ ಪ್ರಾದೇಶಿಕ ರೈಲು, ಎಸ್-ಬಾನ್ (ಉಪನಗರ ರೈಲು), ಮೆಟ್ರೋ, ಟ್ರಾಮ್, ಸಿಟಿ ಬಸ್ ಹತ್ತಬಹುದು. ಐಸಿಇ, ಐಸಿ, ಇಸಿ ಎಂಬ ದೂರದೂರಿನ ರೈಲುಗಳನ್ನಾಗಲಿ ಫ್ಲಿಕ್ಸ್‌ಬಸ್ಸನ್ನಾಗಲಿ ಹತ್ತುವಂತಿಲ್ಲ. ಟಿಕೆಟ್ ಒಬ್ಬರ ಹೆಸರಿನದು, ಇನ್ನೊಬ್ಬರಿಗೆ ಕೊಡುವಂತಿಲ್ಲ. ತಪಾಸಣೆಗೆ ಬಂದವರು ಗುರುತಿನ ಚೀಟಿ ಕೇಳುತ್ತಾರೆ. ಇದು ತಾನಾಗಿಯೇ ಮುಂದುವರಿಯುವ ಚಂದಾ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ. ಜುಲೈ ಕೊನೆಗೆ ಊರಿಗೆ ಮರಳುವವರು ಜುಲೈ 10ರೊಳಗೆ ರದ್ದು ಮಾಡಬೇಕು. ಬೆಂಗಳೂರಿಗೆ ಬಂದಮೇಲೂ ಹಣ ಹೋಗುತ್ತಿದೆ ಎಂದು ಪರದಾಡುವವರು ತಪ್ಪಿದ್ದು ಇಲ್ಲೇ.

ಈ ಟಿಕೆಟ್ ಇಲ್ಲದವರು, ಉದಾಹರಣೆಗೆ ಎರಡು ವಾರದ ಸಮ್ಮರ್ ಸ್ಕೂಲ್‌ಗೆ ಬಂದವರು, ಬಾಯರ್ನ್ ಟಿಕೆಟ್ ಕೊಳ್ಳಬಹುದು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರಿಂದ ಮರುದಿನ ನಸುಕಿನ 3ರವರೆಗೆ ನಡೆಯುತ್ತದೆ. ಶನಿವಾರ, ಭಾನುವಾರ ಮತ್ತು ಹಬ್ಬದ ದಿನ ಮಧ್ಯರಾತ್ರಿಯಿಂದಲೇ ಶುರು. ಪ್ರಯಾಣಿಸುವ ಎಲ್ಲರ ಹೆಸರನ್ನೂ ಅದರ ಮೇಲೆ ಬರೆಯಬೇಕು. ಎರಡೂ ಟಿಕೆಟ್‌ಗಳು ಗಡಿ ದಾಟಿ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೆ ನಡೆಯುತ್ತವೆ. ಮ್ಯೂನಿಕ್ ನಗರದೊಳಗೆ ಕಾಗದದ ಟಿಕೆಟ್ ಕೊಂಡರೆ, ಪ್ಲಾಟ್‌ಫಾರ್ಮ್‌ಗೆ ಇಳಿಯುವ ಮುನ್ನ ಸಿಗುವ ಸಣ್ಣ ಯಂತ್ರದ ಸೀಳಿಗೆ ಅದನ್ನು ತೂರಿಸಿ ಮುದ್ರೆ ಹಾಕಿಸಿ. ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ, ದಂಡ 60 ಯೂರೋ. ವಿದ್ಯಾರ್ಥಿ, ಹೊಸಬ ಎಂದು ಬಿಡುವುದಿಲ್ಲ.

ಜರ್ಮನಿಯ ರೈಲು ಅರ್ಧ ದಾರಿಯಲ್ಲಿ ಎರಡಾಗುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮ್ಯೂನಿಕ್‌ನಿಂದ ಟೇಗರ್ನ್‌ಸೇ ಸರೋವರದ ಕಡೆ ಹೊರಡುವ ರೈಲನ್ನೇ ನೋಡಿ. ಹೋಲ್ಜ್‌ಕಿರ್ಶೆನ್‌ನಲ್ಲಿ ಬೈರಿಷ್‌ಜೆಲ್ ಕಡೆಯ ಬೋಗಿಗಳು ಕಳಚಿಕೊಳ್ಳುತ್ತವೆ. ಮುಂದೆ ಶಾಫ್ಟ್‌ಲಾಖ್‌ನಲ್ಲಿ ಟೇಗರ್ನ್‌ಸೇ ಮತ್ತು ಲೆಂಗ್‌ಗ್ರೀಸ್ ಬೋಗಿಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಸೀಟು ಸಿಕ್ಕ ಕಡೆ ಹಂಚಿಕೊಂಡು ಕೂತ ಗುಂಪು ಒಂದು ಗಂಟೆಯ ನಂತರ ಬೇರೆಬೇರೆ ಕಣಿವೆಗಳಲ್ಲಿರುತ್ತದೆ. ಪ್ಲಾಟ್‌ಫಾರ್ಮ್‌ನ ಫಲಕದಲ್ಲಿ ಮತ್ತು ಬೋಗಿಯ ಮೇಲಿನ ಬೋರ್ಡಿನಲ್ಲಿ ಕೊನೆಯ ಊರಿನ ಹೆಸರನ್ನು ಓದಿ, ಎಲ್ಲರೂ ಅದೇ ಹೆಸರಿನ ಬೋಗಿ ಹತ್ತಿ.

ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಸಮಯದ ಲೆಕ್ಕ ಬಿಗಿಯಾಗಿರಬೇಕು. ಎರಡನೆಯ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಿಸಲು ಶುರುಮಾಡಿದ ಈ ಅರಮನೆ 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಒಳಗೆ ಹೋಗಲು ಗೈಡ್ ಜೊತೆಗಿನ ಸುತ್ತೇ ಗತಿ, ಟಿಕೆಟ್ ಮೇಲೆ ನಿಮಿಷ ಸಹಿತ ಸಮಯ ಇರುತ್ತದೆ. ತಡವಾದರೆ ಹಣ ಹೋದಂತೆ. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ರೈಲು ಎರಡು ಗಂಟೆ. ನಿಲ್ದಾಣದೆದುರು ಬಸ್ಸಿಗೆ ಕಾಯುವುದೂ ಸೇರಿ ಕೋಟೆಯ ಬುಡದ ಹಳ್ಳಿ ಹೋಹೆನ್‌ಶ್ವಾಂಗೌ ತಲುಪಲು ಇಪ್ಪತ್ತು ಮೂವತ್ತು ನಿಮಿಷ. ಅಲ್ಲಿಂದ ಏರುದಾರಿಯಲ್ಲಿ ನಡಿಗೆ ಮೂವತ್ತರಿಂದ ನಲವತ್ತು ನಿಮಿಷ. ರೈಲು ತಡವಾಗುವುದನ್ನೂ ಸೇರಿಸಿಕೊಂಡು ನಾಲ್ಕು ಗಂಟೆ ಬಿಡಿ: 8 ಗಂಟೆಗೆ ಹೊರಟರೆ ಹನ್ನೆರಡರ ನಂತರದ ಸುತ್ತನ್ನೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ಹಾಸ್ಟೆಲ್ ಖಾಲಿ ಮಾಡಿದ ದೊಡ್ಡ ಬ್ಯಾಗಿನೊಂದಿಗೆ ಹೋಗಬೇಡಿ, ಒಳಗೆ ಬಿಡುವುದಿಲ್ಲ. ಫೋಟೋ ತೆಗೆಯುವಂತೆಯೂ ಇಲ್ಲ. ಎಲ್ಲರೂ ನೋಡಿರುವ ಆ ಚಿತ್ರ ಸಿಗುವುದು ಮರೀನ್‌ಬ್ರ್ಯೂಕೆ ಸೇತುವೆಯಿಂದ. ಹಿಮ ಬಿದ್ದು ದಾರಿ ಜಾರುವಾಗ ಆ ಸೇತುವೆಯನ್ನೂ ಮೇಲೇರುವ ಬಸ್ಸನ್ನೂ ನಿಲ್ಲಿಸುತ್ತಾರೆ. ಸೇತುವೆಯ ನೋಟಕ್ಕೆಂದೇ ಹೋಗುವುದಾದರೆ ಡಿಸೆಂಬರ್, ಜನವರಿ ಬೇಡ.

ಡಾಖಾವ್ ಸ್ಮಾರಕಕ್ಕೆ ಎಸ್2 ರೈಲು, ನಂತರ 726 ನಂಬರ್ ಬಸ್. ಪ್ರವೇಶ ಉಚಿತ. 1933ರಲ್ಲಿ ನಾಜಿಗಳು ತೆರೆದ ಯಾತನಾಶಿಬಿರ ಅದು, ಜನ ಸತ್ತ ಜಾಗ. ಅರ್ಧ ದಿನವನ್ನು ಅದಕ್ಕೇ ಮೀಸಲಿಡಿ. ಅದೇ ದಿನ ಸಂಜೆಗೆ ಪಾರ್ಟಿ ಇಟ್ಟುಕೊಳ್ಳಬೇಡಿ. ಅಲ್ಲಿ ನಗುನಗುತ್ತಾ ಗ್ರೂಪ್ ಸೆಲ್ಫಿ ತೆಗೆದುಕೊಳ್ಳುವುದು ಸರಿಯಲ್ಲ.

ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಎರಡೂ ಮೂಲಪ್ರತಿಯೇ ಜೇಬಿನಲ್ಲಿರಲಿ. ಷೆಂಗೆನ್ (ತಮ್ಮ ನಡುವಿನ ಗಡಿ ತಪಾಸಣೆ ತೆಗೆದ ಯುರೋಪಿನ ದೇಶಗಳ ಕೂಟ) ಒಳಗೆ ತಪಾಸಣೆ ಇಲ್ಲ ಎಂಬ ಮಾತನ್ನು ನಂಬಿ ಫೋನಿನ ಫೋಟೋ ಹಿಡಿದು ಹೋಗಬೇಡಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ನಡೆಸುತ್ತಿದೆ, ಸಾಲ್ಜ್‌ಬರ್ಗ್‌ನಿಂದ ಮರಳುವ ರೈಲಿಗೂ ಪೊಲೀಸರು ಹತ್ತುತ್ತಾರೆ. ಜರ್ಮನಿಯ ಡಿ ವೀಸಾ (ದೀರ್ಘಾವಧಿಯ ವೀಸಾ) ಅಥವಾ ಪರ್ಮಿಟ್ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಕ್ರೊಯೇಷಿಯಾ 2023ರಿಂದ, ರೊಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಇದರೊಳಗಿವೆ. ಬ್ರಿಟನ್, ಐರ್ಲೆಂಡ್‌ಗೆ ಬೇರೆ ವೀಸಾ ಬೇಕು. ವೀಸಾ ಮುಗಿದು ಪರ್ಮಿಟ್ ಕಾರ್ಡ್ ಇನ್ನೂ ಕೈಗೆ ಬರದ ನಡುವಿನ ವಾರಗಳಲ್ಲಿ ಜರ್ಮನಿಯೊಳಗೇ ಸುತ್ತಾಡಿ. ಹೊರಗೆ ಹೋಗಲೇಬೇಕಿದ್ದರೆ ವಿದೇಶಿಯರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆದು ಹೊರಡಿ.

ಪ್ರಾಗ್‌ನಲ್ಲಿ ಯೂರೋ ಅಲ್ಲ, ಚೆಕ್ ಕೊರುನಾ. ಬಹುತೇಕ ಎಲ್ಲೆಡೆ ಕಾರ್ಡ್ ನಡೆಯುತ್ತದೆ, ಯಂತ್ರ ಯೂರೋದಲ್ಲೋ ಕೊರುನಾದಲ್ಲೋ ಎಂದು ಕೇಳಿದಾಗ ಕೊರುನಾ ಒತ್ತಿ. ಯೂರೋ ಒತ್ತಿದರೆ ಆ ಯಂತ್ರದವರು ಹೇಳಿದ ದರವೇ ದರ. ಹಳೇ ಪೇಟೆಯ ಹಣ ಬದಲಿಸುವ ಅಂಗಡಿಯಲ್ಲಿ ಕೆಟ್ಟ ದರಕ್ಕೆ ಸಿಕ್ಕಿಬಿದ್ದರೆ ರಸೀದಿ ಎಸೆಯಬೇಡಿ. 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿಕೊಳ್ಳುವ ಹಕ್ಕನ್ನು 2019ರಿಂದ ಅಲ್ಲಿನ ಕಾನೂನು ಕೊಟ್ಟಿದೆ. ಪ್ಯಾರಿಸ್‌ಗೆ ಹೋಗುವವರಿಗೊಂದು ಸಿಹಿಸುದ್ದಿ: ಯುರೋಪಿಯನ್ ಒಕ್ಕೂಟದ ದೇಶದಲ್ಲಿ ವಾಸವಿರುವ 26ರ ಒಳಗಿನವರಿಗೆ ಲೂವ್ರ್ ವಸ್ತುಸಂಗ್ರಹಾಲಯ ಉಚಿತ. ವಾಸ ಎಲ್ಲಿ ಎಂಬುದೇ ಮುಖ್ಯ, ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಲ್ಲ. ಜರ್ಮನಿಯ ಪರ್ಮಿಟ್ ತೋರಿಸಿ, ಒಳಹೋಗುವ ಸಮಯವನ್ನು ಮೊದಲೇ ಕಾಯ್ದಿರಿಸಿ.

ಊಟದ ವಿಷಯ. ಬವೇರಿಯಾದಲ್ಲಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ಶನಿವಾರ ಸಂಜೆಯೇ ಬ್ರೆಡ್, ಹಣ್ಣು, ನೀರು ಕೊಂಡಿಡಿ. ಮರೆತರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗಳಿವೆ, ಬೆಲೆ ಹೆಚ್ಚು. ಸಸ್ಯಾಹಾರಿಗಳಿಗೆ ಬ್ರೆಟ್ಸೆಲ್ ಎಂಬ ಬ್ರೆಡ್ ಮತ್ತು ಚೀಸ್ ಹಾಕಿದ ಕೇಸೆಷ್ಪೆಟ್ಸ್‌ಲೆ ಎಂಬ ನೂಡಲ್ಸ್ ಬಹುತೇಕ ಎಲ್ಲೆಡೆ ಸಿಗುತ್ತವೆ. ಎರಡನೆಯದನ್ನು ತರಿಸುವಾಗ "ಓನೆ ಷ್ಪೆಕ್", ಅಂದರೆ ಹಂದಿಮಾಂಸದ ಚೂರು ಬೇಡ, ಎಂದು ಹೇಳಿ. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ಸು. ಮನೆಯಿಂದ ಚಟ್ನಿಪುಡಿ, ಹುರಿದ ಅವಲಕ್ಕಿ ತರಬಹುದು. ತುಪ್ಪ, ಧಾರವಾಡ ಪೇಡಾ ಬೇಡ: ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಬ್ಯಾಗಿನಲ್ಲಿ ತರುವುದಕ್ಕೆ ಒಕ್ಕೂಟದ ನಿಷೇಧವಿದೆ, ಸಿಕ್ಕರೆ ಕಸ್ಟಮ್ಸ್‌ನವರು ತೆಗೆದುಕೊಳ್ಳುತ್ತಾರೆ.

ಸ್ವಿಟ್ಜರ್ಲೆಂಡ್‌ಗೆ ಬೇರೆ ತಯಾರಿ ಬೇಕು. ಅದು ಷೆಂಗೆನ್ ಒಳಗಿದ್ದರೂ ಒಕ್ಕೂಟದ ಸದಸ್ಯ ದೇಶವಲ್ಲ. ಹಾಗಾಗಿ ಉಚಿತ ರೋಮಿಂಗ್ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಜರ್ಮನ್ ಸಿಮ್‌ನ ಪ್ಲಾನ್‌ನಲ್ಲಿ ಸ್ವಿಟ್ಜರ್ಲೆಂಡ್ ಸೇರಿದೆಯೇ ನೋಡಿ, ಇಲ್ಲದಿದ್ದರೆ ಗಡಿಗೆ ಮುಂಚೆಯೇ ಡೇಟಾ ಆಫ್ ಮಾಡಿ. ಜರ್ಮನಿಯ ಆರೋಗ್ಯ ವಿಮೆ ಕಾರ್ಡಿನ ಹಿಂಬದಿಯ ಯುರೋಪಿಯನ್ ಕಾರ್ಡ್ ಕೂಡ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಅಲ್ಲಿ ಕೆಲಸಕ್ಕೆ ಬಾರದು, ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಿ. ಬೆಟ್ಟ ಹತ್ತುವುದಿದ್ದರೆ ಪಾಲಿಸಿಯಲ್ಲಿ ಹೆಲಿಕಾಪ್ಟರ್ ರಕ್ಷಣೆಯ ಖರ್ಚೂ ಸೇರಿದೆಯೇ ಎಂದು ಓದಿಕೊಂಡೇ ಹಣ ಕಟ್ಟಿ.