‘ಬೆಂಗಳೂರಲ್ಲಿ ಇರಬಹುದಿತ್ತಲ್ಲ?’

ಊರಿಗೆ ಮರಳಿದರೆ ಮನೆಯವರೇ ಜೀವ ತೆಗೆದಾರು ಎಂಬ ಭಯದಿಂದ ಹೊರದೇಶದಲ್ಲಿ ಆಶ್ರಯ ಕೇಳುವ ಲೈಂಗಿಕ ಅಲ್ಪಸಂಖ್ಯಾತರಲ್ಲಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಒಂದು ವಿಶೇಷ ತೊಡಕಿದೆ. ಮೂರೂ ಊರು ಬೆಂಗಳೂರಿಗೆ ಹೆಚ್ಚುಕಡಿಮೆ 70 ಕಿಲೋಮೀಟರ್ ಒಳಗೇ ಇವೆ. ಆಶ್ರಯದ ಅರ್ಜಿ ಪರಿಶೀಲಿಸುವ ಅಧಿಕಾರಿ ನಕ್ಷೆ ನೋಡಿಯೇ ಕೇಳುತ್ತಾರೆ: ಅಲ್ಲಿಗೆ ಹೋಗಿ ಇರಬಹುದಿತ್ತಲ್ಲ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟ ಮೇಲೆ, ‘ಕಾನೂನೇ ನಮ್ಮ ವಿರುದ್ಧ’ ಎಂಬ ವಾದ ನಿಲ್ಲುವುದಿಲ್ಲ. ಈಗ ತೋರಿಸಬೇಕಾದದ್ದು ಮೂರು: ಮನೆಯವರಿಂದಲೋ ಊರವರಿಂದಲೋ ಆಗುವ ಹಿಂಸೆ, ಪೊಲೀಸರು ಕಾಪಾಡದಿರುವುದು, ದೇಶದ ಬೇರೆ ಕಡೆಯೂ ನೆಮ್ಮದಿಯಾಗಿ ಬದುಕಲಾಗದಿರುವುದು. ಅರ್ಜಿಗಳು ಮುಗ್ಗರಿಸುವುದು ಈ ಮೂರನೆಯದರಲ್ಲಿ. ‘ಬೆಂಗಳೂರಲ್ಲೂ ಭಯ’ ಎಂದಷ್ಟೇ ಬರೆದರೆ ಸಾಲದು. ‘ಕಾಣೆಯಾಗಿದ್ದಾರೆ’ ಎಂದು ಮನೆಯವರು ಕೊಟ್ಟ ದೂರು, ಅದರ ಮೇಲೆ ಠಾಣೆಯಿಂದ ಬಂದ ಕರೆ, ಪಿಜಿಗೆ ಹುಡುಕಿಕೊಂಡು ಬಂದ ಸಂಬಂಧಿಕರು, ಕೆಲಸದ ಜಾಗಕ್ಕೆ ಹೋದ ಫೋನು: ತಾರೀಖು ಸಮೇತ ಇವನ್ನು ಬರೆಯಬೇಕು. ‘ಗುಟ್ಟಾಗಿ ಬದುಕಿ’ ಎಂದು ಹೇಳಿ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಲ್ಲಿ ಆಶ್ರಯ ಕೇಳುವವರು ಇದನ್ನು ಎತ್ತಿ ಹೇಳಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ರಾಜಿ ಮಾಡಿಸಿ ಕಳಿಸಿದ್ದರೆ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿ ಕಚೇರಿಗೆ ಬರೆದು ರಸೀದಿ ಇಟ್ಟುಕೊಳ್ಳಿ. ದೂರಿಗೆ ಠಾಣೆಯವರು ಬರೆದುಕೊಟ್ಟ ಹಿಂಬರಹ ಸಿಕ್ಕಿದ್ದರೆ ಅದೂ ಬೇಕು. ಹೊಡೆತ ಬಿದ್ದಿದ್ದರೆ ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ಬೆದರಿಕೆಯ ವಾಟ್ಸಾಪ್ ವಾಯ್ಸ್ ಮೆಸೇಜನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಿಟ್ಟರೆ ಸಾಲದು, ಕಳಿಸಿದವರ ನಂಬರು ಅಲ್ಲೇ ತಪ್ಪಿಹೋಗುತ್ತದೆ. ಮೂಲ ಚಾಟ್ ಅಳಿಸಬೇಡಿ. ಖಾಸಗಿ ಕ್ಷಣಗಳ ವಿಡಿಯೋ ಮಾತ್ರ ಯಾರಿಗೂ ಕೊಡಬೇಡಿ; ಅಂಥ ಸಾಕ್ಷ್ಯ ಮಾನವ ಘನತೆಗೆ ಧಕ್ಕೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೇಳಿದೆ. ತನ್ನ ಲೈಂಗಿಕತೆಯನ್ನು ಮೊದಲ ಅವಕಾಶದಲ್ಲೇ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಸುಳ್ಳುಗಾರರೆನ್ನಬಾರದು ಎಂದೂ ಅದೇ ತೀರ್ಪು ಹೇಳುತ್ತದೆ.

ಅಮೆರಿಕದಲ್ಲಿ ಆಶ್ರಯ ಕೇಳುವ ಐ-589 ಅರ್ಜಿಯನ್ನು ಅಲ್ಲಿಗೆ ಕಾಲಿಟ್ಟ 1 ವರ್ಷದೊಳಗೆ ಹಾಕಬೇಕು, ವಿನಾಯಿತಿಗಳು ಕಡಿಮೆ. ಅರ್ಜಿ ಬಾಕಿಯಿರುವಾಗ ಮದುವೆಗೋ ಸಾವಿಗೋ ಊರಿಗೆ ಬಂದು ಹೋದರೆ ಭಯದ ಮಾತನ್ನು ನಂಬಿಸುವುದು ಬಹಳ ಕಷ್ಟ. ಏಜೆಂಟರು ಬರೆದುಕೊಡುವ ಸಿದ್ಧ ಕಥೆಗಳಂತೂ ಬೇಡವೇ ಬೇಡ. ಎರಡನೇ ಸಂದರ್ಶನದಲ್ಲಿ ವಿವರ ತಾಳೆಯಾಗದೆ, ನಿಜವಾಗಿ ನರಳಿದವರ ಅರ್ಜಿಯೂ ಬಿದ್ದುಹೋಗುತ್ತದೆ.

ಭಾಷೆಯ ವಿಚಾರವನ್ನು ಹೆಚ್ಚಿನವರು ಮರೆಯುತ್ತಾರೆ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಎಷ್ಟೋ ಮನೆಗಳಲ್ಲಿ ಬೈಗುಳ, ಬೆದರಿಕೆ ಎಲ್ಲ ತೆಲುಗಿನಲ್ಲೇ. ಭಾರತದವರೆಂದು ಹಿಂದಿ ದುಭಾಷಿಯನ್ನು ಕೂರಿಸಿದರೆ ಒಪ್ಪಬೇಡಿ. ಕನ್ನಡವೋ ತೆಲುಗೋ ಎಂದು ಅರ್ಜಿಯಲ್ಲೇ ಬರೆಯಿರಿ. ದುಭಾಷಿ ನಮ್ಮ ಕಡೆಯವರೇ ಆಗಿದ್ದು, ವಿಷಯ ಊರು ಮುಟ್ಟೀತೆಂಬ ಅಳುಕಿದ್ದರೆ, ಸಂದರ್ಶನ ಶುರುವಾಗುವ ಮೊದಲೇ ಬದಲಾಯಿಸಿ ಎಂದು ಕೇಳಿ.