ಏಳನೇ ನಂಬರ್

2020ರ ಡಿಸೆಂಬರ್. ವರ್ಕ್ ಫ್ರಂ ಹೋಮ್ ಅಂತ ಬೆಂಗಳೂರಿನ ರೂಮ್ ಖಾಲಿ ಮಾಡಿ ಸಾಗರದ ಮನೆಗೆ ಬಂದಿದ್ದೆ, ಅದೇ ತಿಂಗಳ ಮೊದಲ ವಾರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್‌ನ ಹಳೇ ರೂಪ ವಾವ್ ಕ್ಲಾಸಿಕ್‌ನಲ್ಲಿ ನ್ಯಾಕ್ಸ್ರಾಮಸ್ ಅನ್ನೋ ಕೋಟೆ ಓಪನ್ ಆಯ್ತು. 40 ಜನ ಸೇರಿ ಮಾಡೋ ದಾಳಿ, ಅಂದ್ರೆ ರೈಡ್, ಒಳಗೆ ಬಾಸ್ ಅನ್ನೋ 15 ದೊಡ್ಡ ಶತ್ರುಗಳು. ನಮ್ಮ ಗಿಲ್ಡ್, ಅಂದ್ರೆ ಆಟಗಾರರ ತಂಡ, ಇದ್ದದ್ದು ಯುರೋಪ್ ಸರ್ವರ್‌ನಲ್ಲಿ, ಅವರಿಗೆ ರಾತ್ರಿ 8 ಅಂದ್ರೆ ನಮಗೆ 12:30.

ನಮ್ಮನ್ನ ತಡೆದು ನಿಲ್ಲಿಸಿದ್ದು ಪ್ಲೇಗ್ ವಿಂಗ್‌ನ ಕೊನೇ ಬಾಸ್ ಲೋಥೆಬ್. ಇವನ ಹತ್ರ ಒಬ್ಬ ಹೀಲರ್ (ಜೊತೆಯವರ ಹೆಲ್ತ್ ತುಂಬಿಸೋ ಆಟಗಾರ) ಒಂದು ಸಲ ಹೀಲ್ ಹಾಕಿದ್ರೆ ಮುಗೀತು, ಮತ್ತೆ 60 ಸೆಕೆಂಡ್ ಯಾವ ಹೀಲೂ ಹಾಕೋ ಹಾಗಿಲ್ಲ. ನಾನು ಪ್ರೀಸ್ಟ್, ಅಂದ್ರೆ ಹೀಲರ್‌ಗಳಲ್ಲಿ ಒಬ್ಬ, ಯಾರ ಹೆಲ್ತ್ ಇಳಿದ್ರೂ ಕೈ ತಾನಾಗೇ ಕೀ ಮೇಲೆ ಹೋಗುತ್ತೆ, ಇಲ್ಲಿ ಆ ಕೈನೇ ಕಟ್ಟಿಹಾಕ್ಬೇಕು. 12 ಹೀಲರ್, ಒಬ್ಬೊಬ್ಬರಿಗೂ ಒಂದು ನಂಬರ್, ಐದೈದು ಸೆಕೆಂಡಿಗೆ ಒಂದು ಹೀಲ್, ಅದೂ ಬಾಸ್‌ನ ಏಟು ತಾನೇ ತಿನ್ನೋ ಟ್ಯಾಂಕ್‌ಗೆ ಮಾತ್ರ. ನನ್ನ ನಂಬರ್ ಏಳು.

ಎರಡು ವಾರ ಸೋತ ಮೇಲೆ ರೈಡ್ ಲೀಡರ್ ಒಂದು ಶೀಟ್ ಹಾಕಿದ. ಫಿನ್‌ಲ್ಯಾಂಡಿನವನು, ಮಾತು ಬಹಳ ಕಮ್ಮಿ, ಆದ್ರೆ ಆ ಶೀಟ್ ನೋಡಿದ್ರೆ ಅವನು ರಾತ್ರಿಯೆಲ್ಲಾ ಕೂತು ಯೋಚನೆ ಮಾಡಿದ್ದು ಗೊತ್ತಾಗ್ತಿತ್ತು. ಎರಡನೇ ನಿಮಿಷಕ್ಕೆ ಮೊದಲ ಡೂಮ್, ಅಂದ್ರೆ ಎಲ್ಲರಿಗೂ ಏಟು ಕೊಡೋ ಶಾಪ, ಬೀಳುತ್ತೆ, ಆಮೇಲೆ 30 ಸೆಕೆಂಡಿಗೊಂದು, ಐದು ನಿಮಿಷ ದಾಟಿದ್ರೆ 15 ಸೆಕೆಂಡಿಗೊಂದು. ಎಷ್ಟನೇ ಡೂಮ್‌ಗೆ ಶ್ಯಾಡೋ ಪ್ರೊಟೆಕ್ಷನ್ ಪೋಶನ್ ಕುಡೀಬೇಕು, ಎಷ್ಟನೇದಕ್ಕೆ ಬ್ಯಾಂಡೇಜ್ ಕಟ್ಕೋಬೇಕು, ಸಾಯಿಸಿದ್ರೆ ಹತ್ತಿರದವರಿಗೆ ಬಲ ಕೊಡೋ ಸ್ಪೋರ್‌ಗಳಲ್ಲಿ ಯಾವುದರ ಹತ್ರ ಯಾವ ಐದು ಜನ ಹೋಗಿ ನಿಲ್ಬೇಕು, ಎಲ್ಲಾ ಬರೆದಿದ್ದ.

ಆ ವಾರ ಪೂರ್ತಿ ಆಫೀಸ್ ಕೆಲಸ ಮುಗಿಸಿ ಗೇಮ್‌ನಲ್ಲಿ ಗಿಡಮೂಲಿಕೆ ಕೀಳೋದೇ ಆಯ್ತು. ಫ್ಲಾಸ್ಕ್ ಅನ್ನೋ ಬಲದ ಮದ್ದಿಗೆ ಬ್ಲ್ಯಾಕ್ ಲೋಟಸ್ ಹೂ ಬೇಕು, ಅದರ ರೇಟ್ ಹೊಸಬರ ಕೈಗೆ ಎಟುಕ್ತಿರ್ಲಿಲ್ಲ. ಲೋಟಸ್ ಇದ್ದವರು ಗಿಲ್ಡ್ ಬ್ಯಾಂಕ್ ನೋಡ್ಕೊಳ್ಳೋ ಕ್ಯಾರೆಕ್ಟರ್‌ಗೆ ಮೇಲ್ ಮಾಡಿದ್ರು, ಯಾರೂ ಲೆಕ್ಕ ಕೇಳ್ಲಿಲ್ಲ. ನನಗೆ ಇವತ್ತಿಗೂ ಗೇಮ್ ಅಂದ್ರೆ ನೆನಪಾಗೋದು ಆ ಮೇಲ್‌ಬಾಕ್ಸೇ.

ರೈಡ್‌ಗೆ ಎರಡು ದಿನ ಮುಂಚೆ ಬಾಸೇ ಇಲ್ಲದೆ ಪ್ರಾಕ್ಟೀಸ್. ಗೇಮ್‌ನೊಳಗಿನ ನಗರ ಆರ್ಗ್ರಿಮಾರ್‌ನಲ್ಲಿ 12 ಹೀಲರ್ಸ್ ಸಾಲಾಗಿ ನಿಂತು ವಾಯ್ಸ್‌ನಲ್ಲಿ ಅವರವರ ನಂಬರ್ ಹೇಳೋದು ಅಷ್ಟೇ. ಗ್ರೇಟರ್ ಹೀಲ್ ಕಾಸ್ಟ್ ಆಗೋಕೆ ಎರಡೂವರೆ ಸೆಕೆಂಡ್ ಬೇಕು, ನನ್ನ ಪಿಂಗ್ (ನೆಟ್‌ನ ತಡ) ಬೇರೆ 180 ಮಿಲಿಸೆಕೆಂಡ್, ಹಾಗಾಗಿ ಆರನೆಯವಳು ನಂಬರ್ ಹೇಳಿ ನಾನು ಮನಸಲ್ಲೇ ಒಂದು, ಎರಡು ಅಂದ ತಕ್ಷಣ ಶುರು ಮಾಡ್ಬೇಕು ಅಂತ ಅವತ್ತು ಗೊತ್ತಾಯ್ತು. ಗೋಡೆಯಾಚೆ ಮಲಗಿದ್ದ ಅಮ್ಮ ಎದ್ದು ಬಂದು "ಎಂತ ಮಾರಾಯ, ಇಷ್ಟೊತ್ತಲ್ಲಿ ಯಾರಿಗೆ ಮಗ್ಗಿ ಹೇಳ್ಕೊಡ್ತಾ ಇದೀಯಾ?" ಅಂದ್ರು. ಕೂರಿಸಿ ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ "ಅಂದ್ರೆ ನೀ ತಪ್ಪಿದ್ರೆ ಅವ ಸಾಯ್ತಾನಾ?" ಅಂತ ಕೇಳಿದ್ರು, ಹೌದಮ್ಮ ಅಂದೆ.

ರೈಡ್ ದಿನ ಮಧ್ಯಾಹ್ನವೇ ಒನಿಕ್ಸಿಯಾ ಅನ್ನೋ ಡ್ರ್ಯಾಗನ್ ತಲೆಯ ಬಫ್ (ಸ್ವಲ್ಪ ಹೊತ್ತು ಸಿಗೋ ಹೆಚ್ಚಿನ ಶಕ್ತಿ) ತಗೊಂಡು ಲಾಗೌಟ್ ಮಾಡಿಟ್ಟೆ, ಲಾಗೌಟ್ ಆದ್ರೆ ಅದರ ಟೈಮ್ ಅಲ್ಲೇ ನಿಂತಿರುತ್ತೆ. ಸತ್ರೆ ಮಾತ್ರ ಹೋಗ್ಬಿಡುತ್ತೆ, ಅದಕ್ಕೇ ಲೋಥೆಬ್‌ಗಿಂತ ಮುಂಚೆ ಬರೋ ಹೈಗನ್ ಅನ್ನೋ ಬಾಸ್ ಹತ್ರ ಜೀವ ಕೈಯಲ್ಲಿ ಹಿಡ್ಕೊಂಡು ಓಡಿದ್ವಿ, ನೆಲ ಉಕ್ಕೋ ಮುಂಚೆನೇ ಜಾಗ ಬದಲಿಸ್ಬೇಕು, ನಾನಂತೂ ಪಿಂಗ್‌ಗೋಸ್ಕರ ಎಲ್ಲರಿಗಿಂತ ಅರ್ಧ ಹೆಜ್ಜೆ ಮುಂದೆ. ಉಳ್ಕೊಂಡೆ.

ಲೋಥೆಬ್ ಮುಂದೆ ನಿಂತಾಗ ಬಾರ್‌ನಿಂದ ರಿನ್ಯೂ, ಫ್ಲ್ಯಾಶ್ ಹೀಲ್ ಅನ್ನೋ ಬೇರೆ ಹೀಲ್ ಎಲ್ಲಾ ತೆಗ್ದು ಒಂದೇ ಬಟನ್ ಇಟ್ಕೊಂಡೆ. ಮೂರನೇ ಡೂಮ್ ಆದ್ಮೇಲೆ ನನ್ನ ಪಕ್ಕದ ವಾರಿಯರ್ ಹೆಲ್ತ್ ತಳ ಹಿಡೀತು, ಎರಡು ವಾರದಿಂದ ನನ್ನ ಜೊತೆ ಲೋಟಸ್ ಹುಡುಕ್ತಿದ್ದವನು. ನನ್ನ ಹೀಲ್ ರೆಡಿ ಇತ್ತು. ಹಾಕ್ಲಿಲ್ಲ. ಅವನು ಬಿದ್ದ, ಮೈಕ್‌ನಲ್ಲಿ "ಪರವಾಗಿಲ್ಲ, ಕಾದಿರು" ಅನ್ನೋ ಅರ್ಥದಲ್ಲಿ ಒಂದೇ ಮಾತು ಹೇಳಿದ. ಆರನೆಯವಳ ನಂಬರ್ ಬಂತು. ಒಂದು, ಎರಡು, ಒತ್ತಿದೆ. ಟ್ಯಾಂಕ್ ಉಳಿದ.

ಆರನೇ ನಿಮಿಷದ ಹತ್ರ ಲೋಥೆಬ್ ಬಿದ್ದಾಗ ನಾನು ಮೊದಲು ಹೋಗಿದ್ದು ಆ ವಾರಿಯರ್ ಹತ್ರ. ಸತ್ತವರನ್ನ ಎಬ್ಬಿಸೋ ರಿಸರೆಕ್ಷನ್ ಹಾಕೋಕೆ ಹತ್ತು ಸೆಕೆಂಡ್, ಆ ಹತ್ತೂ ಸೆಕೆಂಡ್ ಅವನ ಹೆಣದ ಪಕ್ಕ ನಿಂತಿದ್ದೆ.